ಎರಡನೇ ಸಿಲಿಂಡರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀ ಎರಡನೇ ಸಿಲಿಂಡರ್ ಅವರು,
796 ಸಿಸಿ, ಕಾರ್ಬೊರೇಟರ್ ಶಾಖೆ,
ಮಾರುತಿ 800, ಕೆಎ 03,
ಮೊಕ್ಕಾಂ: ಇಂದಿರಾನಗರ.

ವಿಷಯ: ಲೋಡ್ ಬಿದ್ದಾಗಲೆಲ್ಲ ಕರ್ತವ್ಯಕ್ಕೆ ಗೈರುಹಾಜರಾಗುತ್ತಿರುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ಕೆಲಸವಿಲ್ಲದ ವೇಳೆಯಲ್ಲಿ ತಮ್ಮ ಕಾರ್ಯವೈಖರಿ ಅತ್ಯಂತ ತೃಪ್ತಿಕರವಾಗಿದೆ. ಮನೆ ಮುಂದೆ ಇಂಜಿನ್ ಐಡ್ಲಿಂಗಿನಲ್ಲಿ ಸುಮ್ಮನೆ ಗುರುಗುಡುತ್ತಿರುವಾಗ ತಾವು ಮಾದರಿ ನೌಕರರು. ನೂರಡಿ ರಸ್ತೆಯಲ್ಲಿ ತೆವಳುವಾಗಲೂ ಚೊಕ್ಕ. ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ ಗಾಡಿ ನಿಂತಲ್ಲೇ ನಿಂತಿರುವಾಗಲಂತೂ ತಮ್ಮಷ್ಟು ಶಿಸ್ತಿನವರು ಹಳೇ ಮದ್ರಾಸ್ ರಸ್ತೆಯಲ್ಲೇ ಸಿಗಲಾರರು. ಆದರೆ ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜಿನ ಏರು ಬರಬೇಕು, ಹಿಂದಿನ ಸೀಟಿನಲ್ಲಿ ಮೂವರು ನೆಂಟರಿರಬೇಕು, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇರಬೇಕು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದ್ದೇ ತಡ, ತಾವು ರಜೆ! ಮೆಕ್ಯಾನಿಕ್ ಭಾಷೆಯಲ್ಲಿ ಇದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ. ಗಾಡಿ ಜರ್ಕ್ ಹೊಡೆಯುತ್ತದೆ, ಪಿಕಪ್ ಕುಸಿಯುತ್ತದೆ, ಹಿಂದಿನ ಬಸ್ಸಿನ ಡ್ರೈವರ್ ಹಾರನ್ ಮೂಲಕ ತಮ್ಮ ಕುಲಗೋತ್ರ ವಿಚಾರಿಸುತ್ತಾನೆ.

ಇದು ಮೂವರೇ ಇರುವ ಕಚೇರಿ ಎಂಬುದನ್ನು ತಾವು ಮರೆತಂತಿದೆ. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಒಬ್ಬರು ಕೈಕೊಟ್ಟರೆ ಕಾಲುಭಾಗ ನಷ್ಟ. ಇಲ್ಲಿ ಮೂರರಲ್ಲೊಂದು ಪಾಲು. ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ತಮ್ಮ ಪಾಲಿಗೆ ಬರುವುದು ಸೆಕೆಂಡಿಗೆ ಬರೀ 25 ಕಿಡಿ. ಅಷ್ಟೂ ಆಗದೇ?

ತಮ್ಮ ಸೇವಾ ಹಿರಿತನವನ್ನು ನಾವು ಅಲ್ಲಗಳೆಯುವುದಿಲ್ಲ. ತಮ್ಮ ವಂಶದ ಮೊದಲ ಕಾರು ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಹೊಗೆಗೆ ಸಂಬಂಧಿಸಿದ ಬಿಎಸ್-4 ನಿಯಮ ಬಂದ ಮೇಲೆ, 2010ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ಮುಗಿಯಿತು. ನಿವೃತ್ತಿ ವಯಸ್ಸು ದಾಟಿದವರನ್ನು ಸೇವೆಯಲ್ಲಿ ಮುಂದುವರಿಸುವುದಕ್ಕೆ ಖರ್ಚೂ ಇದೆ: ಹದಿನೈದು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ ಒಂದೇ ನೆಗೆತಕ್ಕೆ 5,000ಕ್ಕೆ ಏರಿತು. ಇಷ್ಟು ವಯಸ್ಸಾದ ಗಾಡಿಯಲ್ಲಿ ಏನಾದರೊಂದು ಸವೆದರೆ ತಯಾರಿಸಿದವರನ್ನು ದೂರುವಂತಿಲ್ಲ. ಏನು ಸವೆದಿದೆ ಎಂದು ಹುಡುಕುವ ಕ್ರಮವೇ ಇಲ್ಲಿನ ತಕರಾರು.

ತಮಗೆ ರಕ್ಷಣೆ ಕೊಡುತ್ತಿರುವವರು ದೊಡ್ಡ ದೊಡ್ಡವರು. ಮೊದಲನೆಯದು ಈ ಊರಿನ ಟ್ರಾಫಿಕ್. ಹಲಸೂರಿನಿಂದ ಟಿನ್ ಫ್ಯಾಕ್ಟರಿವರೆಗೆ ಆಕ್ಸಿಲರೇಟರ್ ಪೂರ್ತಿ ಒತ್ತುವ ಭಾಗ್ಯವೇ ಇಲ್ಲವಾದ್ದರಿಂದ ತಮ್ಮ ಗೈರು ಯಾರಿಗೂ ಕಾಣುವುದಿಲ್ಲ. ಎರಡನೆಯದು ಎಮಿಷನ್ ಟೆಸ್ಟ್. ಆರು ತಿಂಗಳಿಗೊಮ್ಮೆ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಸೈಲೆನ್ಸರಿಗೆ ಕೊಳವೆ ತುರುಕಿ, ನಿಂತ ಗಾಡಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟು, ಹೈಡ್ರೋಕಾರ್ಬನ್ ಎಷ್ಟು ಎಂದು ಅಳೆಯುತ್ತಾರೆ. ಏರಿನಲ್ಲಿ ತಾವು ಸುಡದೆ ಹಾಗೇ ಹೊರಗೆ ಬಿಡುವ ಪೆಟ್ರೋಲು ಅವರ ಲೆಕ್ಕಕ್ಕೆ ಬರುವುದೇ ಇಲ್ಲ. ನಂಬರ್ ಪ್ಲೇಟಿನ ಫೋಟೋ ಸಮೇತ ಸಚ್ಚಾರಿತ್ರ್ಯದ ಸರ್ಟಿಫಿಕೇಟು ಕೈಗೆ ಬರುತ್ತದೆ.

ಮೂರನೆಯವರು ಸಲಹೆಗಾರರು. ಬಾನೆಟ್ ಎತ್ತಿ ನಿಂತರೆ ಸಾಕು, ಸುತ್ತ ಸೇರುತ್ತಾರೆ. ಆಡುಗೋಡಿಯ ಮೈಕೋ ಕಾರ್ಖಾನೆ ಸ್ಪಾರ್ಕ್ ಪ್ಲಗ್ ಮಾಡಿದ ಊರಿದು. ಪ್ಲಗ್ಗಿನ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಇಲ್ಲಿ ಹುಟ್ಟಿಯೇ ಇಲ್ಲ. "ಪ್ಲಗ್ ಚೇಂಜ್ ಮಾಡ್ಸಿ ಸಾರ್" ಎಂದರು ಒಬ್ಬರು. ಇನ್ನೊಬ್ಬರು ಕಾರ್ಬೊರೇಟರ್ ಬಿಚ್ಚಿಸಿದರು. ಸ್ಕ್ಯಾನರ್ ಹಿಡಿದು ಬಂದ ಹುಡುಗ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಅದನ್ನು ಚುಚ್ಚುವ ತೂತು ಸಿಗದೆ, ತೊಂಬತ್ತರ ದಶಕದವರ ಮೇಲೇ ಬೇಸರಪಟ್ಟುಕೊಂಡ. ಶಿವಾಜಿನಗರದ ಗುಜರಿಯಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ಕೇಳಿದರೆ, "ಒರಿಜಿನಲ್ ಮಾಲು ಅಣ್ಣ, ಓಡ್ತಿದ್ದ ಗಾಡೀಲೇ ಬಿಚ್ಚಿದ್ದು" ಎಂಬ ಭರವಸೆ ಸಿಕ್ಕಿತು. ಓಡುತ್ತಿದ್ದ ಗಾಡಿಯನ್ನು ಯಾಕೆ ಬಿಚ್ಚಿದರು ಎಂದು ಕೇಳುವುದು ಅಲ್ಲಿನ ಮರ್ಯಾದೆಯಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಚಿಕಿತ್ಸೆಯಲ್ಲಿ ಬಿಲ್ಲು ಬೆಳೆಯಿತು, ಮಿಸ್ಸಿಂಗ್ ಹಾಗೇ ಉಳಿಯಿತು.

ಪೆಟ್ರೋಲನ್ನು ದೂರಿದವರೂ ಇದ್ದಾರೆ. 2023ರ ಫೆಬ್ರವರಿ 6ರಂದು ಪ್ರಧಾನಿ ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ. ದೂರಿದವರ ಮಾತಿನಲ್ಲಿ ಹುರುಳಿಲ್ಲದಿಲ್ಲ: ಎಥನಾಲಿನಲ್ಲಿ ಆಮ್ಲಜನಕವಿದೆ, ಅದಕ್ಕೆ ತಕ್ಕಂತೆ ಪೆಟ್ರೋಲು ಹೆಚ್ಚಿಸುವ ಬುದ್ಧಿ ಕಾರ್ಬೊರೇಟರಿಗಿಲ್ಲ, ಮಿಶ್ರಣ ತೆಳುವಾಗುತ್ತದೆ, ಹಳೇ ರಬ್ಬರಿನ ಪೈಪುಗಳಿಗೂ ಅದು ಆಗಿಬರದು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರಿನ ತೆಳು ಗಾಳಿಯನ್ನು ದೂರಿದವರೂ ಉಂಟು. ಆದರೆ ಅದೇ ಪೆಟ್ರೋಲು, ಅದೇ ಗಾಳಿ ಒಂದನೆಯವರಿಗೂ ಮೂರನೆಯವರಿಗೂ ಸಿಗುತ್ತಿದೆಯಲ್ಲ? ಅವರು ದುಡಿಯುತ್ತಿದ್ದಾರೆ, ತಾವೊಬ್ಬರೇ ಯಾಕೆ ಕೂತಿರಿ?

ಆದಕಾರಣ ತಮ್ಮ ಮೇಲೆ ಇಲಾಖಾ ವಿಚಾರಣೆ ನಡೆಸಲಾಯಿತು. ಅದೂ ಗ್ಯಾರೇಜಿನಲ್ಲಲ್ಲ, ಏರಿನಲ್ಲೇ.

ಮೊದಲ ಸಾಕ್ಷಿ ಚೋಕ್. ಗಾಡಿ ಜರ್ಕ್ ಹೊಡೆಯುತ್ತಿರುವಾಗಲೇ ಚೋಕನ್ನು ಕೊಂಚ ಎಳೆಯಲಾಯಿತು. ಪೆಟ್ರೋಲು ಸಾಲದೆ ಮಿಸ್ಸಿಂಗ್ ಆಗಿದ್ದರೆ, ಫಿಲ್ಟರ್ ಕಟ್ಟಿಕೊಂಡಿದ್ದರೆ, ಪಂಪು ಸೋತಿದ್ದರೆ, ಮಿಶ್ರಣ ದಪ್ಪವಾದೊಡನೆ ಇಂಜಿನ್ ಸುಧಾರಿಸಬೇಕಿತ್ತು. ಸುಧಾರಿಸಲಿಲ್ಲ. ಎಲ್ಲಿಂದಲೋ ಕಳ್ಳಗಾಳಿ ಎಳೆಯುತ್ತಿದ್ದರೆ ಅದು ಐಡ್ಲಿಂಗಿನಲ್ಲೇ ಹೆಚ್ಚು ಕಾಡಬೇಕಿತ್ತು. ಅಲ್ಲಿ ತಾವು ಸಜ್ಜನರು. ಉಳಿದದ್ದು ಕಿಡಿ.

ಎರಡನೇ ಸಾಕ್ಷಿ ಪ್ಲಗ್ಗುಗಳು. ಏರು ಮುಗಿದದ್ದೇ ಗಾಡಿಯನ್ನು ಪಕ್ಕಕ್ಕೆ ಹಾಕಿ, ಐಡ್ಲಿಂಗಿಗೆ ಬಿಡದೆ ಇಂಜಿನ್ ಆಫ್ ಮಾಡಿ, ಮೂರನ್ನೂ ಬಿಚ್ಚಿ ಸಾಲಾಗಿ ಇಡಲಾಯಿತು. ಒಂದು, ಮೂರು ಒಣಗಿ ಕಂದು ಬಣ್ಣಕ್ಕಿದ್ದವು. ತಮ್ಮದು ಕಪ್ಪಗೆ, ಒದ್ದೆಯಾಗಿ, ಪೆಟ್ರೋಲಿನ ವಾಸನೆ ಬೀರುತ್ತಿತ್ತು. ಆದರೂ ಪ್ಲಗ್ಗಿಗೆ ಶಿಕ್ಷೆ ವಿಧಿಸುವ ಮುಂಚೆ ಅದನ್ನು ಒರೆಸಿ ಒಂದನೆಯವರಿಗೆ ಕೊಟ್ಟು, ಅವರದನ್ನು ತಮಗೆ ಹಾಕಿ ಮತ್ತೆ ಏರು ಹತ್ತಿಸಲಾಯಿತು. ಮಿಸ್ಸಿಂಗ್ ಪ್ಲಗ್ಗಿನ ಜೊತೆ ಹೋಗಲಿಲ್ಲ, ತಮ್ಮ ಬಳಿಯೇ ಉಳಿಯಿತು. ಪ್ಲಗ್ಗು ನಿರಪರಾಧಿ.

ಮೂರನೇ ಸಾಕ್ಷಿ ಕತ್ತಲೆ. ರಾತ್ರಿ ದೀಪ ಆರಿಸಿ, ಇಂಜಿನ್ ಚಾಲೂ ಇಟ್ಟು, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ, ಪ್ಲಗ್ಗುಗಳಿಗೆ ವಿದ್ಯುತ್ತು ಒಯ್ಯುವ ಹೆಚ್‌ಟಿ ವೈರುಗಳ ಮೇಲೆ ದೂರದಿಂದ ತುಂತುರು ಹಾಕಲಾಯಿತು. ನೀರು ಬಿದ್ದು ಸೋರುವ ದಾರಿ ಸುಲಭವಾದದ್ದರಿಂದ, ಏರಿನಲ್ಲಿ ನಡೆಯುತ್ತಿದ್ದ ಗುಟ್ಟು ನಿಂತಲ್ಲೇ ರಟ್ಟಾಯಿತು: ಟಿಕ್ ಟಿಕ್ ಸದ್ದು. ತಮ್ಮ ವೈರಿನ ನಡುವೆ, ಲೋಹಕ್ಕೆ ಉಜ್ಜಿ ಉಜ್ಜಿ ರಬ್ಬರ್ ಬಿರುಕುಬಿಟ್ಟ ಜಾಗದಿಂದ, ಎಳೆಯಷ್ಟು ಸಣ್ಣ ನೀಲಿ ಕಿಡಿ ಇಂಜಿನ್ನಿನ ಮೈಗೆ ಹಾರುತ್ತಿತ್ತು.

ಕಾರಣ ಸ್ಪಷ್ಟ. ಐಡ್ಲಿಂಗಿನಲ್ಲಿ ತಮ್ಮೊಳಗೆ ಬರುವ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಪ್ಲಗ್ಗಿನ ಸಂದನ್ನು ಕಿಡಿ ಸಲೀಸಾಗಿ ದಾಟುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗಾಳಿ ತುಂಬಿ ಬಿಗಿಯಾಗುತ್ತದೆ. ಅದೇ ಸಂದು ದಾಟಲು ಸಾವಿರಾರು ವೋಲ್ಟ್ ಹೆಚ್ಚು ಬೇಕು. ಅಷ್ಟು ಕಷ್ಟಪಡುವ ಬದಲು ವಿದ್ಯುತ್ತು ವೈರಿನ ಬಿರುಕಿನಿಂದಲೇ ಜಾರಿಕೊಳ್ಳುತ್ತದೆ. ಪೆಟ್ರೋಲೂ ಗಾಳಿಯೂ ತಮ್ಮ ಬಾಗಿಲಿಗೆ ಬಂದವು, ಬೆಂಕಿ ಮಾತ್ರ ದಾರಿಯಲ್ಲೇ ಸೋರಿಹೋಯಿತು.

ಆದ್ದರಿಂದ ಆರೋಪಪಟ್ಟಿಯಿಂದ ತಮ್ಮ ಹೆಸರನ್ನು ಕೈಬಿಡಲಾಗಿದೆ. ಮೂರೂ ಹೆಚ್‌ಟಿ ವೈರುಗಳನ್ನು ಬದಲಿಸಿ, ಲೋಹಕ್ಕೆ ತಾಗದಂತೆ ಕ್ಲಿಪ್ಪಿನಲ್ಲಿ ಕೂರಿಸಲು ಆದೇಶಿಸಲಾಗಿದೆ. ಲೋಡಿನಲ್ಲಿ ಹುಟ್ಟುವ ಕಾಯಿಲೆಯ ತಪಾಸಣೆಯನ್ನು ಇನ್ನು ಮುಂದೆ ಲೋಡಿನಲ್ಲೇ ಮಾಡತಕ್ಕದ್ದು. ನಿಂತ ಗಾಡಿಯನ್ನು ನೋಡಿ ನೀಡಿದ ಯಾವ ತೀರ್ಪೂ ಊರ್ಜಿತವಲ್ಲ.

ಇಂತಿ ತಮ್ಮ ವಿಶ್ವಾಸಿ,
ಕಾರಿನ ಮಾಲೀಕ

ಪ್ರತಿಗಳು:
1. ಒಂದನೇ ಮತ್ತು ಮೂರನೇ ಸಿಲಿಂಡರುಗಳಿಗೆ, ಮಾಹಿತಿಗಾಗಿ. ಹೆಚ್ಚುವರಿ ಹೊರೆ ಹೊತ್ತದ್ದಕ್ಕೆ ಭತ್ಯೆ ಕೇಳುವಂತಿಲ್ಲ.
2. ಎಮಿಷನ್ ಟೆಸ್ಟಿನವರಿಗೆ, ಬಿಡುವಾದಾಗ ಒಮ್ಮೆ ಏರಿನ ಕಡೆ ಬಂದುಹೋಗುವಂತೆ ಕೋರಿ.
3. ಸಮಸ್ತ ಸಲಹೆಗಾರರಿಗೆ. ಮುಂದಿನ ತಪಾಸಣೆಗೆ ತಪ್ಪದೆ ಹಾಜರಾಗಿ ಹಿಂದಿನ ಸೀಟಿನಲ್ಲಿ ಕೂರುವುದು. ಸಲಹೆ ಬೇಡ, ತೂಕ ಬೇಕು.