ಸಮೂಹ ಧಾವನ ಮೀಮಾಂಸೆ: ಒಂದು ಏದುಸಿರಿನ ಅಧ್ಯಯನ

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ಜಾವ ಐದಕ್ಕೆ ಕಾಣಸಿಗುವ ಒಂದು ಜನಸಮುದಾಯವನ್ನು ತಾತ್ತ್ವಿಕ ಚೌಕಟ್ಟಿನೊಳಗಿಟ್ಟು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಒಂದೇ ಬಣ್ಣದ ಟೀ ಶರ್ಟು ಸದರಿ ಸಮುದಾಯದ ಲಾಂಛನ. ಏಪ್ರಿಲ್ ತಿಂಗಳ ಮೂರನೇ ಸೋಮವಾರ ಬೋಸ್ಟನ್ನಿನಲ್ಲಿ ಓಡುವುದು ಅದರ ಮೋಕ್ಷ. ಆ ಅರ್ಹತೆ ಇಲ್ಲದವರಿಗೆ ಫೆಬ್ರವರಿಯ ದೆಹಲಿ ಮ್ಯಾರಥಾನ್ ಎಂಬ ಸ್ವರ್ಗವಿದೆ; ಅಲ್ಲಿ ಪುಣ್ಯ ತೀರಿದವರು ಮುಂದಿನ ಬ್ಯಾಚಿಗೆ ಫೀಸು ಕಟ್ಟಿ ಮತ್ತೆ ಹುಟ್ಟಬೇಕು.

ಮೊದಲು ಪ್ರಮಾಣ ವಿಚಾರ. ಮ್ಯಾರಥಾನ್ ಎಂದರೆ 42.195 ಕಿ.ಮೀ. ಈ ವಿಚಿತ್ರ ಅಳತೆ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಾಸನದ ಎದುರಿಗೆ ಓಟ ಮುಗಿಯಬೇಕಿತ್ತು. 1921ರಲ್ಲಿ ಅದೇ ಖಾಯಂ ಆಯಿತು. ಕೂತವರ ಅನುಕೂಲಕ್ಕೆ ಓಡುವವರ ದೂರ ನಿಗದಿಯಾದ ಆಟವಿದು. ಇದನ್ನು ಓದುಗರು ಗಮನದಲ್ಲಿಟ್ಟುಕೊಳ್ಳತಕ್ಕದ್ದು.

ಇನ್ನು ಪರಿಭಾಷೆ. ಡಿಸೆಂಬರಿನಿಂದ ಮಾರ್ಚಿನವರೆಗಿನ ಕಾಲವನ್ನು ಪಾಮರರು ನಾಲ್ಕು ತಿಂಗಳು ಅನ್ನುತ್ತಾರೆ. ಈ ಸಮುದಾಯಕ್ಕೆ ಓಟ ಕಲಿಸುವ ಕೋಚ್ ಮತದಲ್ಲಿ ಅದು ಮ್ಯಾಕ್ರೋಸೈಕಲ್. ಅದರ ಗರ್ಭದಲ್ಲಿ ಮೀಸೋಸೈಕಲ್. ಮೀಸೋಸೈಕಲ್ಲಿನ ಗರ್ಭದಲ್ಲಿ ಮೈಕ್ರೋಸೈಕಲ್. ಈ ಕೊನೆಯದು ಏನೆಂದು ಶಿಷ್ಯನೊಬ್ಬ ಕೇಳಿದಾಗ ದೊರೆತ ಭಾಷ್ಯ: "ಸೋಮವಾರದಿಂದ ಭಾನುವಾರ." ಸುಮ್ಮನೆ ಕೂರುವುದು ಇಲ್ಲಿಲ್ಲ, ಆಕ್ಟಿವ್ ರಿಕವರಿ ಮಾತ್ರ ಉಂಟು. ಓಟ ಮುಗಿಸಿ ಎರಡು ಪ್ಲೇಟ್ ಇಡ್ಲಿ ವಡೆ ತಿಂದದ್ದು ಗ್ಲೈಕೋಜನ್ ಮರುಪೂರಣ. ಸಾಂಬಾರಿನ ಸ್ಥಾನಮಾನ ಇನ್ನೂ ಇತ್ಯರ್ಥವಾಗಿಲ್ಲ.

ಹೃದಯಶಾಸ್ತ್ರ: 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ, ಅದರ ಶೇಕಡಾ ಎಪ್ಪತ್ತನ್ನು ದಾಟದೆ ಓಡುವುದು ಝೋನ್ 2. 1971ರಲ್ಲಿ ಫಾಕ್ಸ್ ಮತ್ತು ಸಂಗಡಿಗರು ಹಳೆಯ ಅಂಕಿಅಂಶಗಳ ಮೇಲೆ ಕಣ್ಣಂದಾಜಿಗೆ ಎಳೆದ ಗೆರೆ ಈ ಸೂತ್ರ. ಒಬ್ಬರಿಂದೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಇದನ್ನು ಪೂರ್ವಪಕ್ಷವಾಗಿ ಮಂಡಿಸಿದವರು ಐವತ್ತೆರಡು ವರ್ಷದ ಮೇಷ್ಟ್ರು. ಅವರ ಪಾಲಿಗೆ ಬಂದ ಮಿತಿ 118. ನಾಲ್ಕು ಹೆಜ್ಜೆ ಓಡಿದರೆ ಸಾಕು, ಅವರ ವಾಚು ಕಿರುಚಿಕೊಳ್ಳುತ್ತಿತ್ತು. ಸಿಕ್ಕ ಸಿದ್ಧಾಂತ: "ಪ್ರೋಸೆಸ್ ಟ್ರಸ್ಟ್ ಮಾಡಿ ಸರ್."

ಓಟಗಾರರು ಐದು ವಿಧ. ಗಡಿಯಾರನಿಷ್ಠರು: ವಾಚಿಗೆ ಉಪಗ್ರಹ ಸಿಗುವ ತನಕ ಹೆಜ್ಜೆ ಕೀಳದವರು. ಗಾಯನಿಷ್ಠರು: ಮೊಣಕಾಲಿನ ಎಂಆರ್‌ಐ ಚಿತ್ರವನ್ನು ಮೊಬೈಲಿನಲ್ಲಿಟ್ಟುಕೊಂಡು ಕಂಡಕಂಡವರಿಗೆ ತೋರಿಸುವವರು. ಛಾಯಾಚಿತ್ರನಿಷ್ಠರು: ಟಬೆಬುಯಾ ಹೂ ಬಿಟ್ಟಾಗಷ್ಟೇ ಹಾಜರಾಗುವವರು. ಉಳಿದೆರಡನ್ನು ವಿಸ್ತಾರಭಯದಿಂದ ಕೈಬಿಡಲಾಗಿದೆ. ಸುಳ್ಳೇಕೆ, ಕೋಚ್ ಕಣ್ಣಿಗೆ ಇರುವುದು ಎರಡೇ ವಿಧ: ಮುಂದಿನವರು, ಹಿಂದಿನವರು. ಈ ಪ್ರಬಂಧಕಾರ ಹಿಂದಿನವನು.

ಭಾನುವಾರದ ಲಾಂಗ್ ರನ್ನಿಗೆ ಸ್ಯಾಂಕಿ ಕೆರೆಯ ಬದಿಯಲ್ಲಿ ಒಂದು ಮಡಚುವ ಮೇಜು ಹಾಕುತ್ತಾರೆ. ಮೇಲೆ ನೀರಿನ ಕ್ಯಾನು, ಉಪ್ಪು ಸವರಿದ ಕಿತ್ತಳೆ ಹೋಳು, ಬಾಳೆಹಣ್ಣು, ಕಡಲೆ ಚಿಕ್ಕಿ. ಮುಂದಿನವರು ತಂಪು ಹೊತ್ತಿನಲ್ಲೇ ಬಂದು ಒಂದು ಗುಟುಕು ಕುಡಿದು, ಅರ್ಧ ತಲೆಗೆ ಸುರಿದುಕೊಂಡು ಹೋಗುತ್ತಾರೆ. ಮಾರ್ಚಿನ ಬಿಸಿಲು ನೆತ್ತಿ ಸುಡುವ ಹೊತ್ತಿಗೆ ನಾವು ತಲುಪಿದರೆ ಮೇಜಿಲ್ಲ. ಕ್ಯಾನು ಇದ್ದಲ್ಲಿ ನೆಲದ ಮೇಲೆ ಉಂಗುರದಂಥ ಒದ್ದೆ ಗುರುತು, ಸುತ್ತ ತುಳಿದ ಪೇಪರ್ ಕಪ್ಪು. ಅವನ್ನು ಗುಡಿಸುತ್ತಿರುವ ಪೌರಕಾರ್ಮಿಕ ಹೆಂಗಸು ನಮ್ಮ ಕಡೆ ನೋಡಿ, "ಈಗಷ್ಟೇ ಎತ್ಕೊಂಡು ಹೋದ್ರು" ಅಂದರು. ಫೋನು ಮಾಡಿದರೆ ಕೋಚ್ ಹೇಳಿದ್ದು: "ನಿಮ್ಮ ಪೇಸ್ ಗ್ರೂಪ್ ಇವತ್ತು ಸೆಲ್ಫ್ ಸಪೋರ್ಟೆಡ್."

ಇಷ್ಟು ಹೊತ್ತು ಕಾಪಾಡಿಕೊಂಡ ಗಾಂಭೀರ್ಯ ಇಲ್ಲಿ ಕೈಕೊಡುತ್ತದೆ. ಮೂರು ಗಂಟೆಯಲ್ಲಿ ಮುಗಿಸುವವನಿಗಿಂತ ಐದೂವರೆ ಗಂಟೆ ರಸ್ತೆಯಲ್ಲಿರುವವಳಿಗೆ ನೀರು ಹೆಚ್ಚು ಬೇಕು ಅನ್ನುವುದಕ್ಕೆ ಯಾವ ಸರ್ಟಿಫಿಕೇಟು ಬೇಕ್ರೀ? ಫೀಸು ಎಲ್ಲರದೂ ಒಂದೇ. ಗುಂಪಿನಲ್ಲಿ ನಿಧಾನದವರೇ ಹೆಚ್ಚು, ಅಂದರೆ ಆ ಕ್ಯಾನಿಗೂ ಚಿಕ್ಕಿಗೂ ದುಡ್ಡು ಕೊಟ್ಟವರೇ ನಾವು.

ಕೋಚ್‌ಗಳೆಲ್ಲ ಹೀಗೇ ಅಲ್ಲ. ನ್ಯೂಜಿಲೆಂಡಿನ ಓಟದ ಕೋಚ್ ಆರ್ಥರ್ ಲಿಡಿಯರ್ಡ್ ಷೂ ಕಾರ್ಖಾನೆಯಲ್ಲಿ ದುಡಿದವರು, ನಸುಕಿಗೆದ್ದು ಮನೆಮನೆಗೆ ಹಾಲು ಹಾಕಿದವರು. ತರಬೇತಿಯನ್ನು ತಮ್ಮ ಮೈಮೇಲೇ ಪ್ರಯೋಗಿಸಿ ಕಲಿತರು. ಅವರು ಪಳಗಿಸಿದ ಪೀಟರ್ ಸ್ನೆಲ್, ಮರ್ರೇ ಹಾಲ್ಬರ್ಗ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಚಿನ್ನ ಗೆದ್ದರು. ಬ್ಯಾರಿ ಮಗೀಗೆ ಮ್ಯಾರಥಾನಿನಲ್ಲಿ ಕಂಚು. ಆಮೇಲೆ ಅದೇ ಮನುಷ್ಯ ಆಕ್ಲೆಂಡಿನಲ್ಲಿ ಹೊಟ್ಟೆ ಬಂದ ನಡುವಯಸ್ಕರನ್ನೂ ಹೃದಯದ ಕಾಯಿಲೆಯವರನ್ನೂ ಕರೆದು ಮೆಲ್ಲಗೆ ಓಡಿಸಿದರು. ಓಡುತ್ತ ಮಾತಾಡಲು ಬರಬೇಕು, ಅಷ್ಟೇ ಅಳತೆ. ಚಾಂಪಿಯನ್ನರನ್ನು ತಯಾರು ಮಾಡಿದವರಿಗೆ ಹಿಂದಿನವರ ಜೊತೆ ಹೆಜ್ಜೆ ಹಾಕಲು ಪುರುಸೊತ್ತಿತ್ತು. ನಮ್ಮ ಕೋಚ್‌ಗೆ ಅರ್ಧ ಗಂಟೆ ಕಾಯಲು ಆಗುವುದಿಲ್ಲ.

ಮೇಷ್ಟ್ರು ಈ ಸಲ ಗುಂಪಿಗೆ ಸೇರಿಲ್ಲ. ವಾಚು ಬಿಚ್ಚಿಟ್ಟು ಒಬ್ಬರೇ ಓಡುತ್ತಾರೆ, ಮಗ ಸ್ಕೂಟರಿನಲ್ಲಿ ನೀರು ಹಿಡಿದು ಹಿಂದಿಂದೆ ಬರುತ್ತಾನಂತೆ. ಹೊಸ ಬ್ಯಾಚಿನ ಫೀಸು ಏರಿದೆ. ಯಾಕೆಂದು ಕೇಳಿದೆ. ಹೈಡ್ರೇಷನ್ ಸಪೋರ್ಟಿನ ಖರ್ಚು ಜಾಸ್ತಿಯಾಗಿದೆಯಂತೆ.