ನೆಲಕ್ಕೆ ಪಂಚಾಂಗ ಗೊತ್ತಿಲ್ಲ

ರೋಣದ ಕಡೆ ನೀರಿನದು ಬೀಗರ ಸ್ವಭಾವ: ಕರೆದಾಗ ಬರುವುದಿಲ್ಲ, ಬಂದಮೇಲೆ ಹೋಗುವುದಿಲ್ಲ. ಟ್ಯಾಂಕರಿನವನಿಗೆ ಕೈಮುಗಿದು ತರಿಸಿ ಹೊಸ ಮನೆಯ ಕೋಬಾಕ್ಕೆ, ಅಂದರೆ ಟೈಲ್ಸಿನಡಿಯ ಕಾಂಕ್ರೀಟಿಗೆ, ಉಣಿಸಿದ ನೀರನ್ನು, ಈಗ ಅದೇ ಕೋಬಾದಿಂದ ಹೊರಗೆ ಕಳಿಸಲು ಮತ್ತೆ ಕೈಮುಗಿಯುವ ಹೊತ್ತು ಬಂದಿತ್ತು. ಟೈಲ್ಸು ಮೋರ್ಬಿಯಿಂದ ಬಂದು ಪಡಸಾಲೆಯಲ್ಲಿ ಕೂತಿದ್ದವು. ಕಾರ್ತಿಕದಲ್ಲಿ ವಾಸ್ತುಶಾಂತಿ ಎಂದು ಕಾರ್ಡು ಹಂಚಿಯಾಗಿತ್ತು. ತಯಾರಾಗದೆ ಉಳಿದದ್ದು ನೆಲ ಒಂದೇ.

“ಒಣಗೇತ್ರೀ ಸರ,” ಎಂದು ಗೌಂಡಿ ಅಂಗೈ ಊರಿ ತೋರಿಸಿದ. “ಕೈಗೇನರ ಹತ್ತತೈತೇನು ನೋಡ್ರಿ.” ವರ್ಷಗಟ್ಟಲೆ ಸಿಮೆಂಟು ಕಲಸಿದ ಆ ಅಂಗೈಗೆ ಮಲಪ್ರಭೆಯೇ ಹರಿದರೂ ಗೊತ್ತಾಗಲಿಕ್ಕಿಲ್ಲ ಎಂದು ನನ್ನ ಗುಮಾನಿ. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ತಮ್ಮ ಫೋನಿನಲ್ಲೇ ಪರೀಕ್ಷೆ ಇಟ್ಟ: 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಬೇಕು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಕನಿಷ್ಠ 16 ತಾಸು ಬಿಡಬೇಕು. ಮರುದಿನ ಮನೆಮಂದಿಯೆಲ್ಲ ಹಾಳೆಯ ಸುತ್ತ ಕುಕ್ಕರಗಾಲಲ್ಲಿ ಕೂತು ನೋಡಿದರೆ ಒಳಗೆಲ್ಲ ಹನಿ. “ಪಾಪ, ನೆಲಾ ಬೆವತೈತಿ. ಫ್ಯಾನ್ ಹಚ್ಚರಿ,” ಎಂದಳು ಅವ್ವ.

ತಮಾಷೆಯೆಂದರೆ ಅವ್ವನ ಮಾತಿನಲ್ಲಿ ಅರ್ಧ ಶಾಸ್ತ್ರವಿತ್ತು. ಕಲಸಿದ ನೀರಿನಲ್ಲಿ ಒಂದಿಷ್ಟನ್ನು ಸಿಮೆಂಟು ಗಟ್ಟಿಯಾಗಲು ಕುಡಿಯುತ್ತದೆ; ಉಳಿದದ್ದು ಆವಿಯಾಗಿ ಮೇಲಿನಿಂದಲೇ ಹೋಗಬೇಕು. 50 ಮಿ.ಮೀ. ದಪ್ಪದವರೆಗೆ ಮಿಲಿಮೀಟರಿಗೆ ಒಂದು ದಿನ ಎಂಬುದು ಮಾಮೂಲಿ ಲೆಕ್ಕ. ಅದು ಗಾಳಿಯಾಡುವ, ಬೆಚ್ಚಗಿನ ಕೋಣೆಯ ಲೆಕ್ಕ. ಹಿಂಗಾರಿ ಮಳೆ ಹೊಯ್ಯುವಾಗ ಕಿಟಕಿ ಮುಚ್ಚಿಟ್ಟ ಕೋಣೆಯದಲ್ಲ. ದಪ್ಪ ಹೆಚ್ಚಿದರೆ ಇನ್ನೂ ನಿಧಾನ. ತಮ್ಮನ ಬಳಿ ಇದಕ್ಕಿಂತ ದೊಡ್ಡ ಅಸ್ತ್ರವೊಂದಿತ್ತು. ಕೋಬಾದ ಪುಡಿಯನ್ನು ಕಾರ್ಬೈಡ್ ಜೊತೆ ಉಕ್ಕಿನ ಬಾಟಲಿಯಲ್ಲಿ ಹಾಕಿ ಕುಲುಕಿದರೆ, ಪುಡಿಯ ಹಸಿಗೆ ತಕ್ಕಂತೆ ಗ್ಯಾಸು ಹುಟ್ಟಿ ಮುಳ್ಳು ಏರುತ್ತದಂತೆ. ನೂರಕ್ಕೆ 2ರ ಒಳಗಿದ್ದರೆ ಪಾಸು. ಕಾರ್ಬೈಡ್ ಎಂದರೆ ವೆಲ್ಡಿಂಗಿನವರದು, ಕದ್ದು ಮಾವು ಮಾಗಿಸುವವರದು ಎಂದಷ್ಟೇ ತಿಳಿದಿದ್ದ ಗೌಂಡಿ, “ನೆಲಾ ಏನು ಹಣ್ಣು ಮಾಡ್ತೀರೇನ್ರಿ?” ಎಂದ.

ನಮ್ಮ ಸಮಸ್ಯೆ ಮೇಲಿನದಷ್ಟೇ ಅಲ್ಲ. ಕೆಳಗಿರುವುದು ಎರೆ ಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವ ಈ ಮಣ್ಣು ಮಳೆಗೆ ಉಬ್ಬಿ, ಕುಡಿದ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೇ ತಿಳಿದವರು ಎರೆ ತೆಗೆಸಿ ಗರಸು ತುಂಬಿಸುತ್ತಾರೆ, ಕೋಬಾದ ಕೆಳಗೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಸುತ್ತಾರೆ. ಹಿರಿಯರಿಗೆ ಈ ಉಸಾಬರಿ ಇರಲಿಲ್ಲ. ಸಗಣಿ ಸಾರಿಸಿದ ನೆಲ, ಶಹಾಬಾದಿ ಫರ್ಸಿಯ ಸಂದುಗಳು ಉಸಿರಾಡುತ್ತಿದ್ದವು. ಹಸಿ ಬಂದದ್ದೂ ಹೋದದ್ದೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ವಿಟ್ರಿಫೈಡ್ ಟೈಲ್ಸು ಅರ್ಧ ಪರ್ಸೆಂಟು ನೀರನ್ನೂ ಹೀರುವುದಿಲ್ಲ ಎಂದು ಅಂಗಡಿಯವನು ಹೆಮ್ಮೆಯಿಂದ ಹೇಳುತ್ತಾನೆ. ಮೇಲಿನ ನೀರು ಒಳಗಿಳಿಯುವುದಿಲ್ಲ, ನಿಜ. ಒಳಗಿನದು ಎಲ್ಲಿ ಹೋಗಬೇಕು? ಸಂದುಗಳಿಂದ ಹೊರಬಂದು ಬಿಳಿ ಉಪ್ಪಾಗಿ ಕೂರುತ್ತದೆ. ಓಣಿಯ ಒಬ್ಬರ ಮನೆಯಲ್ಲಿ ಆ ಉಪ್ಪನ್ನು ದಿನಾ ಒರೆಸುವುದೇ ಒಂದು ವ್ರತವಾಗಿದೆ.

ಸುದ್ದಿ ನರಗುಂದದ ಸೋದರಮಾವನಿಗೆ ಮುಟ್ಟಿತು. ನೀರಿನ ಕರದ ವಿರುದ್ಧ 1980ರಲ್ಲಿ ಬಂಡೆದ್ದ ಊರು ಅದು. ಕಾಲುವೆ ಬಂದಮೇಲೆ ಅಲ್ಲಿ ಸವಳೂ ಬಂತು. ಈಚಿನ ವರ್ಷಗಳಲ್ಲಂತೂ ಕಾಳು ಹೂಳಿಡುತ್ತಿದ್ದ ಹಳೆಯ ಹಗೇವುಗಳ ಮೇಲೆ ಕಟ್ಟಿದ ಮನೆಗಳಲ್ಲಿ ನೆಲವೇ ಕುಸಿದದ್ದುಂಟು. “ನಿಂದು ಬರೇ ಹಸಿ ಆಗೇತಿ. ನಮ್ಮ ಓಣ್ಯಾಗ ನೆಲಾನ ಕೆಳಗ ಹೋಗೇತೋ ತಮ್ಮಾ,” ಎಂದ ಮಾವ. ಅವನ ಸಮಾಧಾನದ ರೀತಿಯೇ ಹಾಗೆ. ಗಜೇಂದ್ರಗಡದ ಅತ್ತೆ ಮಾತ್ರ ಕೈಮುಗಿದು ಹೇಳಿದರು: “ಕಾಲಕಾಲೇಶ್ವರನ ಗುಡ್ಯಾಗ ಅಂತರಗಂಗಿ ಹನ್ನೆರಡೂ ತಿಂಗಳು ಹರೀತಾಳ. ನಿಮ್ಮ ಮನೀಗೂ ಬಂದಾಳಂದ್ರ ಪುಣ್ಯಾರೀ ಅದು!” ಪುಣ್ಯದ ಮೇಲೆ ಎರಡು ಕೋಟು ಎಪಾಕ್ಸಿ ಬಳಿದು ಟೈಲ್ಸು ಅಂಟಿಸಬಹುದು ಎಂದು ತಮ್ಮ ಹೇಳಿದ. ಅದರ ದರ ಕೇಳಿದ ಮೇಲೆ ಅತ್ತೆಯ ಮಾತೇ ಹೆಚ್ಚು ಹಿತವೆನಿಸಿತು.

ಕಡೆಗೆ ದಾರಿ ತೋರಿದವರು ಆಚಾರ್ರು. “ಟೈಲ್ಸ್ ಇಲ್ದ ವಾಸ್ತುಶಾಂತಿ ಆಗೂದಿಲ್ಲಂತ ಯಾವ ಶಾಸ್ತ್ರದಾಗ ಬರದೈತ್ರಿ? ಹೋಮಾ ಮಾಡೂಣು. ನೆಲಕ್ಕೂ ಒಂಚೂರು ಕಾವು ಸಿಗತೈತಿ.” ಅವ್ವ ಸಡಗರದಿಂದ ಸಗಣಿ ನೀರಿನ ಬಕೆಟ್ಟು ಎತ್ತಿಕೊಂಡಳು, ಹೋಮಕ್ಕೆ ಮುಂಚೆ ಕೋಬಾ ಸಾರಿಸಲು. ಅಂಗೈ ಗೌಂಡಿಯೇ ಓಡಿಬಂದು ತಡೆದ: “ಬ್ಯಾಡಬೇ ಯವ್ವಾ, ಈಗರ ಒಣಗಾಕ ಹತ್ತೇತಿ!”

ಟೈಲ್ಸಿನ ಕೆಲಸ ಫಾಲ್ಗುಣಕ್ಕೆ ಹೋಯಿತು. ವಾಸ್ತುಶಾಂತಿಯ ದಿನ ಬಂದವರಿಗೆ ಕುರ್ಚಿ ಸಾಲಲಿಲ್ಲ. ಹಿರಿಯರು ಟೈಲ್ಸಿನ ಪೆಟ್ಟಿಗೆಗಳ ಮೇಲೆಯೇ ಕೂತು ಮಾದಲಿ ಉಂಡರು. ತಂಗಿಯ ಮಾವ ತಾವು ಕೂತ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ, “ನೆಲಾ ಭಾಳ ಛಲೋ ಮಾಡಿಸೀರಿ,” ಎಂದು ಹೊಗಳಿದರು. ಬೀಗರು ನೋಡಿ, ನಾವು ತಿದ್ದಲಿಲ್ಲ.