‘ಪ್ರೆಸೆಂಟ್ಲಿ’ಯ ಅಧಃಪತನ

ಆಂಗ್ಲಭಾಷೆಯ ಕ್ರಿಯಾವಿಶೇಷಣಗಳಲ್ಲಿ ‘ಪ್ರೆಸೆಂಟ್ಲಿ’ಯಷ್ಟು ನಂಬಿಸಿ ಕೈಕೊಡುವ ಪದವನ್ನು ನಾನಂತೂ ಕಂಡಿಲ್ಲ. ಕಚೇರಿಯ ಕಾಗದಪತ್ರಗಳಿಂದಲೇ ಇಂಗ್ಲಿಷು ಕಲಿತ ನನ್ನಂಥವರಿಗೆ ಅದು ‘ಸದ್ಯಕ್ಕೆ’. ಅಮಲ್ದಾರರು ಪ್ರೆಸೆಂಟ್ಲಿ ರಜೆಯ ಮೇಲಿದ್ದಾರೆಂದು ಬರೆದಿದ್ದರೆ ಅರ್ಜಿಯನ್ನು ಮಡಿಸಿಕೊಂಡು ಮನೆಗೆ ಹಿಂದಿರುಗತಕ್ಕದ್ದು. ಸ್ಕಾಟ್ಲೆಂಡಿನವರೂ ಅಮೆರಿಕದವರೂ ಹೀಗೆಯೇ ಪ್ರಯೋಗಿಸುವುದರಿಂದ ನಮ್ಮ ಗುಮಾಸ್ತರನ್ನು ಹಳಿಯುವ ಹಾಗಿಲ್ಲ. ಆದರೆ ಹಳೆಯ ಇಂಗ್ಲಿಷು ಕಾದಂಬರಿಯ ಬಟ್ಲರನು ದೊರೆಸಾನಿಯವರು ಪ್ರೆಸೆಂಟ್ಲಿ ದರ್ಶನವೀಯುವರೆಂದು ಬಿನ್ನವಿಸಿದನಾದರೆ, ಗೋಡೆಯ ಮೇಲಣ ಪೂರ್ವಜರ ಚಿತ್ರಪಟಗಳನ್ನೆಲ್ಲ ಸಾವಧಾನವಾಗಿ ನೋಡಿ ಮುಗಿಸುವಷ್ಟು ವಿರಾಮ ಅತಿಥಿಗೆ ದೊರೆಯಿತೆಂದೇ ತಿಳಿಯತಕ್ಕದ್ದು.

ಇದಕ್ಕೆ ಇನ್ನೊಂದು ಅರ್ಥವೂ ಇದ್ದಿತು. ಅದು ಈಗ ದಿವಂಗತ. 1611ರಲ್ಲಿ ಜೇಮ್ಸ್ ದೊರೆಯ ಆಶ್ರಯದಲ್ಲಿ ಹೊರಬಂದ ಬೈಬಲಿನಲ್ಲಿ, ಫಲವಿಲ್ಲದ ಅಂಜೂರದ ಮರವು ಯೇಸುಸ್ವಾಮಿಯ ಶಾಪಕ್ಕೆ ಒಣಗಿಹೋದುದು ‘ಪ್ರೆಸೆಂಟ್ಲಿ’, ಎಂದರೆ ಆ ಕ್ಷಣದಲ್ಲಿಯೇ. ಬಟ್ಲರನ ಅರ್ಥವನ್ನು ಹಚ್ಚಿ ಓದಿದರೆ, ಒಣಗುವುದಕ್ಕೆ ಮುನ್ನ ಮರವು ಒಂದಿಷ್ಟು ವಾಯಿದೆ ಬೇಡಿದಂತೆ ತೋರುತ್ತದೆ. ಅದೇ ಗ್ರಂಥದಲ್ಲಿ ಹೆರೋದಿಯಳ ಮಗಳು ಸ್ನಾನಿಕನಾದ ಯೋಹಾನನ ಶಿರಸ್ಸನ್ನು ಹರಿವಾಣದಲ್ಲಿಟ್ಟು ಕೊಡಬೇಕೆಂದು ಕೇಳಿದುದು ‘ಬೈ ಅಂಡ್ ಬೈ’. ಆಗ ಅದಕ್ಕೂ ‘ಈ ಕೂಡಲೆ’ ಎಂದೇ ಅರ್ಥ. ಇಂದಿನ ಅರ್ಥವೇ ಅಂದೂ ಇದ್ದಿದ್ದರೆ ಆ ಪುಣ್ಯಾತ್ಮನು ಮುಪ್ಪಿನವರೆಗೆ ಬಾಳುತ್ತಿದ್ದನೇನೊ!

‘ಸೂನ್’ ಕೂಡ ಪ್ರಾಚೀನಾಂಗ್ಲದಲ್ಲಿ ತತ್‌ಕ್ಷಣವೇ. ‘ಅನಾನ್’ ಎಂಬುದರ ಗತಿಯೂ ಇದೇ. ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ಯ ಮೊದಲ ಭಾಗದಲ್ಲಿ, ಈಸ್ಟ್‌ಚೀಪಿನ ಪಾನಗೃಹದ ಮಾಣಿ ಫ್ರಾನ್ಸಿಸನು, ಇತ್ತ ರಾಜಕುಮಾರನು ಮಾತಿಗೆಳೆಯುತ್ತಿರಲು, ಅತ್ತ ಒಳಗಿನಿಂದ ಅವನ ಗೆಳೆಯ ಪಾಯಿನ್ಸನು ಹೆಸರು ಹಿಡಿದು ಕೂಗುತ್ತಿರಲು, ಅನಾನ್ ಅನಾನ್ ಎಂದು ಓಗೊಡುತ್ತ, ನಿಂತ ನೆಲವನ್ನು ಬಿಟ್ಟು ಕದಲಲಾರದೆ ತೊಳಲುತ್ತಾನೆ. ಪದಗಳ ಶೀಲ ಕೆಟ್ಟ ಬಗೆಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ಅರ್ಥಪಲ್ಲಟ ಮಾಡಿದವರು ಪಂಡಿತರಲ್ಲ. ಕರೆದರೆ ಏಳದ ಮಾಣಿಗಳು, ಹೇಳಿದ ದಿನಕ್ಕೆ ಬಟ್ಟೆ ಕೊಡದ ದರ್ಜಿಗಳು, ಹಾಗೂ ಸಮಸ್ತ ದೇಶಗಳ ಗಂಡಂದಿರು. ‘ಡೈರೆಕ್ಟ್ಲಿ’ಯಂತಹ ನೇರನಡೆಯ ಪದವೂ ಕಾರ್ನ್‌ವಾಲ್ ಸೀಮೆಯವರ ಬಾಯಲ್ಲಿ ‘ಡ್ರೆಕ್‌ಲಿ’ಯಾಗಿ ಸವೆದಿದೆ, ಡ್ರೆಕ್‌ಲಿ ಬರುವೆನೆಂದ ಬಡಗಿಯನ್ನು ಈ ವಾರವೋ ಮುಂದಿನ ಮಳೆಗಾಲವೋ ಎಂದು ಕೇಳುವುದು ಅಲ್ಲಿ ಸಭ್ಯತೆಯಲ್ಲವಂತೆ.

ಹಾಗೆಂದು ಅವರನ್ನು ನೋಡಿ ನಗುವ ಯೋಗ್ಯತೆ ಕನ್ನಡಿಗರಾದ ನಮಗಿಲ್ಲ. ಅವರು ಅವ್ಯಯವನ್ನಷ್ಟೆ ಕೆಡಿಸಿದರು. ನಾವು ಕಾಲವನ್ನೇ ಹಿಂದುಮುಂದು ಮಾಡಿದೆವು. ಎಲೆ ಹಾಕಿದೆಯೆಂದು ಒಳಗಿನಿಂದ ಕರೆ ಬಂದಾಗ ಪತ್ರಿಕೆಯಿಂದ ಕಣ್ಣೆತ್ತದೆ ‘ಬಂದೆ’ ಎನ್ನುತ್ತೇನೆ. ಭೂತಕಾಲ! ಕ್ರಿಯೆಯು ಸಾಂಗವಾಗಿ ಮುಗಿದೇ ಹೋಯಿತು. ವೈಯಾಕರಣ ಕೇಶಿರಾಜನಾದರೂ ಇದಕ್ಕೆ ಏನೆಂದಾನು? ಎರಡನೆಯ ಕರೆಗೆ ‘ಬಂದೇಬಿಟ್ಟೆ’ ಎಂದರಾಯಿತು. ಇಂಥ ಸಿದ್ಧಿ ಯಾವ ಬಟ್ಲರನಿಗೂ ಒದಗಿರಲಾರದು. ಆದರೆ ನನ್ನ ಮನೆಯಾಕೆಗೂ ವ್ಯಾಕರಣ ಬರುತ್ತದೆ. ಮೊನ್ನೆ ಮೂರನೆಯ ಕರೆ ಬರಲಿಲ್ಲವಲ್ಲ ಎಂದು ಎದ್ದು ಹೋಗಿ ನೋಡಿದರೆ, ಆಕೆ ಎಲೆಯನ್ನು ತೆಗೆದು ನೆಲ ಸಾರಿಸುತ್ತಿದ್ದಳು.

“ಬಂದಾಯಿತು ಅಂದಿರಲ್ಲ, ಊಟವೂ ಆಯಿತು ಅಂದುಕೊಂಡೆ.”